ಅತ್ತೆಯ ದನಿ, ಟಿವಿಯವರ ಮೀಟರು

ಪ್ರಶ್ನೆ: ಸರ್, ನಾನು ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮ ಮನೆತನದ ಹಳೇ ವಾಡೆ ಇದೆ, ನೂರು ವರ್ಷ ದಾಟಿದೆ. ಎರಡು ವರ್ಷದ ಹಿಂದೆ ನಮ್ಮತ್ತೆ ಅಲ್ಲೇ ತೀರಿಕೊಂಡರು. ಆಮೇಲೆ ನಾವು ಹೊಸ ಮನೆಗೆ ಬಂದೆವು. ವಾಡೆಯ ಮುಂಭಾಗ ಬಾಡಿಗೆಗೆ ಕೊಟ್ಟೆವು, ಹಿಂಭಾಗ ಖಾಲಿ ಇತ್ತು. ಕಳೆದ ದೀಪಾವಳಿ ಮುಂದೆ ಒಂದು ಟಿವಿ ತಂಡ ಬಂದು, ಹಳೇ ವಾಡೆಗಳ ಬಗ್ಗೆ ಕಾರ್ಯಕ್ರಮ ಮಾಡುತ್ತೇವೆ ಅಂದಿತು. ಮೈದುನ ಒಂದು ಕಾಗದಕ್ಕೆ ಸಹಿ ಹಾಕಿ ಕೀಲಿ ಕೊಟ್ಟ. ಪ್ರಸಾರವಾದಾಗ ನೋಡಿದರೆ ಅದು ದೆವ್ವ ಹುಡುಕುವ ಕಾರ್ಯಕ್ರಮ! ಪಡಸಾಲೆಯ ನಡುಗಂಬದ ಹತ್ತಿರ ಅವರ ಮೀಟರು ಕೆಂಪು ದೀಪ ಹಚ್ಚುತ್ತದೆ. ಟಾರ್ಚ್ ತಾನಾಗಿಯೇ ಹತ್ತಿ ಆರುತ್ತದೆ, ದೀಪ ಮಂಕಾಗುತ್ತದೆ, ಗಾಳಿಯಲ್ಲಿ ಬಿಳಿ ಉಂಡೆ ತೇಲುತ್ತವೆ, ಥರ್ಮಾಮೀಟರು ಒಂದು ಕಡೆ ತಂಪು ತೋರಿಸುತ್ತದೆ. ಹಗೇವಿನ, ಅಂದರೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿಯ, ಬಾಯಿಗೆ ಬಗ್ಗಿದ ಆ್ಯಂಕರ್ ತಲೆ ತಿರುಗಿ ಬೀಳುತ್ತಾನೆ. ಕೊನೆಗೆ ರೆಕಾರ್ಡಿಂಗ್‌ನಲ್ಲಿ ಒಂದು ಹೆಣ್ಣು ದನಿ, ‘ನೀರು... ನೀರು ಕೊಡು’ ಅನ್ನುತ್ತದೆ. ಅತ್ತೆಗೆ ಕೊನೆಯ ದಿನಗಳಲ್ಲಿ ನೀರು ಕಡಿಮೆ ಕೊಡಿ ಅಂತ ಡಾಕ್ಟರೇ ಹೇಳಿದ್ದರು. ನಾನೇ ಲೋಟ ಅಳೆದು ಕೊಡುತ್ತಿದ್ದೆ. ಅದು ಇವರಿಗೆ ಹೇಗೆ ಗೊತ್ತಾಯಿತು? ರಾತ್ರಿ ಯಾರೋ ಪಿಸುಗುಟ್ಟುತ್ತಾರೆ ಅಂತ ವಾರದೊಳಗೆ ಬಾಡಿಗೆಯವರು ಮನೆ ಬಿಟ್ಟರು. ಹತ್ತನೇ ಕ್ಲಾಸಿನ ಮಗ ರಾತ್ರಿ ಯಾರೋ ಎದೆ ಮೇಲೆ ಕೂತಂಗಾಗುತ್ತದೆ ಅನ್ನುತ್ತಾನೆ. ಒಬ್ಬರು ಅರವತ್ತು ಸಾವಿರದಲ್ಲಿ ಶಾಂತಿ ಮಾಡಿಕೊಡುತ್ತೇನೆ ಅಂದಿದ್ದಾರೆ. ಇನ್ನೊಬ್ಬರು ವಾಡೆಯನ್ನು ಅರ್ಧ ಬೆಲೆಗೆ ಕೇಳುತ್ತಿದ್ದಾರೆ. ಆ ದನಿ ಅತ್ತೆಯದಾ? ಮಷಿನ್ ಸುಳ್ಳು ಹೇಳುತ್ತದಾ? ನಾನೀಗ ಏನು ಮಾಡಲಿ?

ಉತ್ತರ: ಅಕ್ಕೋರೆ, ಪತ್ರದಲ್ಲಿ ಪ್ರಶ್ನೆ ಮೂರಿವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ ಅಂತ ನನಗನ್ನಿಸುತ್ತದೆ, ಆ ಅಳೆದು ಕೊಟ್ಟ ಲೋಟ. ಮೊದಲು ಅದನ್ನೇ ಮಾತಾಡೋಣ. ಮೀಟರು, ಟಿವಿ ಎಲ್ಲ ಆಮೇಲೆ.

ನಾನು ಡಾಕ್ಟರಲ್ಲ. ಆದರೂ ಇಷ್ಟು ಗೊತ್ತಿದೆ. ಕಿಡ್ನಿ ಅಥವಾ ಹೃದಯ ಸೋತಾಗ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಕಾಲು ಬಾಯುತ್ತದೆ, ಪುಪ್ಪುಸಕ್ಕೆ ನೀರು ತುಂಬಿ ಉಸಿರು ಕಟ್ಟುತ್ತದೆ. ಅದಕ್ಕೇ ಡಾಕ್ಟರು ಲೆಕ್ಕ ಹಾಕಿ ಕೊಡಿ ಅನ್ನುತ್ತಾರೆ. ನೀವು ಲೋಟ ಅಳೆದದ್ದು ಅವರ ಉಸಿರು ಸಲೀಸಾಗಿರಲಿ ಅಂತ. ಬೇಕಿದ್ದರೆ ಅವರನ್ನು ನೋಡುತ್ತಿದ್ದ ಡಾಕ್ಟರನ್ನೇ ಹೋಗಿ ಕೇಳಿ, ಹಳೇ ಚೀಟಿಗಳಿದ್ದರೆ ಜೊತೆಗೆ ಒಯ್ಯಿರಿ. ಐದು ನಿಮಿಷದ ಮಾತು ಅದು.

ಇನ್ನು ನನ್ನ ಕಸುಬಿನ ಮಾತು. ನಾನು ಹದಿನೆಂಟು ವರ್ಷ ಸೌಂಡ್ ರೆಕಾರ್ಡಿಸ್ಟ್ ಆಗಿ ಕೆಲಸ ಮಾಡಿದವನು. ಅದರಲ್ಲಿ ಎರಡು ಸೀಸನ್ ಇಂಥದ್ದೇ ಒಂದು ದೆವ್ವದ ಕಾರ್ಯಕ್ರಮದ ತಂಡದಲ್ಲಿದ್ದೆ. ಯಾವ ಚಾನೆಲ್ ಅಂತ ಬೇಡ ಬಿಡಿ. ದೆವ್ವ ಇದೆಯೋ ಇಲ್ಲವೋ ಅಂತ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ದನಿ ಹೇಗೆ ಹುಟ್ಟುತ್ತದೆ, ಹೇಗೆ ಹುಟ್ಟಿಸುತ್ತಾರೆ ಅನ್ನುವುದು ನನ್ನ ಹೊಟ್ಟೆಪಾಡು.

ನೀವು ಕಳಿಸಿದ ಆ ಹನ್ನೊಂದು ಸೆಕೆಂಡಿನ ತುಣುಕನ್ನು ಸ್ಟುಡಿಯೋದಲ್ಲಿ ಒಳ್ಳೆ ಹೆಡ್‌ಫೋನ್ ಹಾಕಿ ಕೇಳಿದೆ. ಮೊದಲ ಸಲ ನನಗೂ ‘ನೀರು’ ಅಂತಲೇ ಕೇಳಿಸಿತು. ಯಾಕೆಂದರೆ ಪರದೆ ಮೇಲೆ ದೊಡ್ಡ ಅಕ್ಷರದಲ್ಲಿ ‘ನೀರು’ ಅಂತ ಬರೆದಿದ್ದಾರೆ! ಆಮೇಲೆ ಚಿತ್ರ ತೆಗೆದು ಬರೀ ಸದ್ದನ್ನು ಉಳಿಸಿಕೊಂಡು, ನಮ್ಮ ಓಣಿಯ ಐದು ಜನರಿಗೆ ಒಬ್ಬೊಬ್ಬರಾಗಿ ಕೇಳಿಸಿದೆ, ಏನೂ ಹೇಳದೆ. ಒಬ್ಬರು ‘ಮೀರಾ’ ಅಂದರು. ಇನ್ನೊಬ್ಬರು ‘ಯಾರು’ ಅಂದರು. ಎದುರು ಮನೆ ಹುಡುಗ ‘ಬೈಕಿನ ಬ್ರೇಕ್’ ಅಂದ. ಕಿರಾಣಿ ಅಂಗಡಿ ಕಾಕಾ ಎರಡು ಸಲ ಕೇಳಿ, ‘ಕುರ್ಚಿ ಎಳದಂಗೈತಲ್ಲೋ, ಇದರಾಗ ಮಾತೆಲ್ಲೈತಿ?’ ಅಂದರು. ಐದನೆಯವರಿಗೆ ಏನೂ ಕೇಳಿಸಲಿಲ್ಲ. ‘ನೀರು’ ಅಂದವರು ಒಬ್ಬರೂ ಇಲ್ಲ. ಆಮೇಲೆ ಆ ಪದವನ್ನು ಬರೆದು ತೋರಿಸಿ ಮತ್ತೆ ಕೇಳಿಸಿದೆ. ಐವರಿಗೂ ‘ನೀರು’ ಅಂತಲೇ ಕೇಳಿಸಿತು, ಆ ಕಾಕಾಗೂ. ಸಾಲದ್ದಕ್ಕೆ ಈಗ ಬೇರೆ ಥರ ಕೇಳಿಸವಲ್ದು ಅಂತ ಗೊಣಗಿದರು.

ಇದು ಮೋಸವಲ್ಲ, ಕಿವಿ ಇರುವುದೇ ಹೀಗೆ. ಅರ್ಧಂಬರ್ಧ ಸದ್ದು ಬಿದ್ದರೆ ಮಿದುಳು ಅದನ್ನು ಗೊತ್ತಿರುವ ಮಾತಾಗಿ ತುಂಬಿಕೊಳ್ಳುತ್ತದೆ. ಮೋಡದಲ್ಲಿ ಬಸವಣ್ಣ ಕಂಡಂತೆ.

ಹಾಗಾದರೆ ಆ ಅರ್ಧ ಸದ್ದು ಬಂದದ್ದು ಎಲ್ಲಿಂದ? ಇವರು ಬಳಸುವುದು ಜೇಬಿನಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್. ಸುತ್ತ ಸದ್ದಿಲ್ಲದಾಗ ಅದು ತಾನಾಗಿಯೇ ಮೈಕಿನ ಜೋರನ್ನು ಏರಿಸಿಕೊಳ್ಳುತ್ತದೆ. ಆಗ ‘ಸ್ಸ್’ ಅನ್ನುವ ಗಾಳಿಸದ್ದು ಮೇಲೆ ಬರುತ್ತದೆ. ಆಚೆ ಕೋಣೆಯಲ್ಲಿ ಯಾರೋ ಚಪ್ಪಲಿ ಸರಿಸಿದ್ದು, ಜಾಕೆಟ್ಟಿನ ಜಿಪ್ಪು ಎಲ್ಲ ಅದರಲ್ಲಿ ಸೇರುತ್ತದೆ. ಆಮೇಲೆ ಎಡಿಟಿಂಗ್‌ನಲ್ಲಿ ನಾವು ಗಾಳಿಸದ್ದು ತೆಗೆಯುವ ಸಾಫ್ಟ್‌ವೇರ್ ಹಾಕುತ್ತೇವೆ. ಅದು ಸದ್ದನ್ನು ಪೂರ್ತಿ ಅಳಿಸುವುದಿಲ್ಲ. ಅಲ್ಲಲ್ಲಿ ಚೂರು ಬಿಡುತ್ತದೆ. ಆ ಚೂರುಗಳು ನೀರೊಳಗಿಂದ ಯಾರೋ ಗುನುಗಿದ ಹಾಗೆ ಕೇಳಿಸುತ್ತವೆ, ಥೇಟ್ ಮನುಷ್ಯರ ಹಾಗೆ. ನಿಮ್ಮ ತುಣುಕಿನಲ್ಲಿ ಅದರ ಗುರುತು ಚೆನ್ನಾಗಿಯೇ ಇದೆ. ಮಾತು ಅನ್ನುವ ಭಾಗಕ್ಕೆ ಅರ್ಧ ಸೆಕೆಂಡ್ ಮುಂಚೆ ಹಿನ್ನೆಲೆಯ ಜೀರುಂಡೆ ಸದ್ದು ಕತ್ತರಿಸಿದಂತೆ ನಿಂತುಹೋಗುತ್ತದೆ. ಜೀರುಂಡೆ ತಟ್ಟನೆ ಸುಮ್ಮನಾಗುವುದುಂಟು, ಆದರೆ ಸದ್ದು ಹೀಗೆ ನಡುವೆಯೇ ತುಂಡಾಗುವುದಿಲ್ಲ. ಅಲ್ಲಿ ನನ್ನಂಥವನೊಬ್ಬನ ಕೈ ಆಡಿದೆ.

ಈ ಚಾಳಿ ಹೊಸದೇನಲ್ಲ. 1959ರಲ್ಲಿ ಸ್ವೀಡನ್ನಿನ ಫ್ರೀಡ್ರಿಶ್ ಯೂರ್ಗೆನ್ಸನ್ ಅನ್ನುವವರು ಹಕ್ಕಿಗಳ ದನಿ ಟೇಪ್ ಮಾಡಿಕೊಂಡು ಬಂದು ಕೇಳಿದಾಗ, ಅದರಲ್ಲಿ ಸತ್ತವರು ಮಾತಾಡುತ್ತಿದ್ದಾರೆ ಅಂದರು. ಅವರ ಹಿಂದೆ ಲಾಟ್ವಿಯಾದ ಕಾನ್ಸ್ಟಂಟಿನ್ ರೌಡಿವೆ ಇಂಥ ಸಾವಿರಾರು ‘ಮಾತು’ಗಳನ್ನು ಗುಡ್ಡೆ ಹಾಕಿದರು. ಆ ಮಾತುಗಳಲ್ಲಿ ಒಂದೇ ವಾಕ್ಯದೊಳಗೆ ಎರಡು ಮೂರು ಭಾಷೆ ಬೆರೆತಿರುತ್ತಿದ್ದವು. ಕೇಳುವವರಿಗೆ ಹಲವು ಭಾಷೆ ಬರುತ್ತಿತ್ತು, ಅದಕ್ಕೇ ಹಲವು ಭಾಷೆ ಕೇಳಿಸಿತು. ನಮ್ಮ ಕಡೆ ಕೇಳಿಸಿದ್ದರೆ ಕನ್ನಡ, ಮರಾಠಿ, ದಖನಿ ಮೂರೂ ಬೆರೆತಿರುತ್ತಿದ್ದವು ಅಲ್ವಾ?

ಈಗ ನಿಮ್ಮನ್ನು ಜಾಸ್ತಿ ಕಾಡಿದ ಪ್ರಶ್ನೆ. ‘ನೀರು’ ಅನ್ನುವುದನ್ನೇ ಯಾಕೆ ಬರೆದರು, ಅವರಿಗೆ ಹೇಗೆ ಗೊತ್ತಾಯಿತು? ಮೈದುನನನ್ನು ಕೂರಿಸಿ ಸಮಾಧಾನದಿಂದ ಕೇಳಿ, ಬಯ್ಯಬೇಡಿ. ಶೂಟಿಂಗ್ ದಿನ ಮಧ್ಯಾಹ್ನ ಕ್ಯಾಮೆರಾ ಇಲ್ಲದ ಒಬ್ಬರು ಬಂದು ಚಹಾ ಕುಡಿದರಾ? ಮನೆತನದ ಬಗ್ಗೆ, ಯಾರು ಹೇಗೆ ತೀರಿಕೊಂಡರು ಅಂತ ಪ್ರೀತಿಯಿಂದ ವಿಚಾರಿಸಿದರಾ? ಬಂದಿರುತ್ತಾರೆ. ನಮ್ಮ ತಂಡದಲ್ಲೂ ಅಂಥ ಒಬ್ಬ ಹುಡುಗ ಇದ್ದ. ಸಂಬಳ ಕಡಿಮೆ, ಕೆಲಸ ಮಾತ್ರ ಎಲ್ಲಕ್ಕಿಂತ ಮುಖ್ಯದ್ದು. ಅಗಸಿ ಕಟ್ಟೆ ಮೇಲೆ ಕೂತ ಹಿರಿಯರ ಹತ್ತಿರ ಒಂದು ತಾಸು ಕೂತರೆ ಇಡೀ ಊರಿನ ಸಾವುಗಳ ಪಟ್ಟಿ ಅವನ ಡೈರಿಯಲ್ಲಿರುತ್ತಿತ್ತು. ರಾತ್ರಿ ಕತ್ತಲಲ್ಲಿ ಆ್ಯಂಕರ್‌ಗೆ ‘ಇಲ್ಲಿ ಯಾರೋ ವಯಸ್ಸಾದ ಹೆಂಗಸಿನ ಸಂಕಟ ಇದೆ’ ಅಂತ ಹೊಳೆಯುವುದು ಆ ಡೈರಿಯಿಂದ.

ಇದಕ್ಕೊಂದು ಪ್ರಸಿದ್ಧ ಕಥೆ ಇದೆ. ಬ್ರಿಟನ್ನಿನಲ್ಲಿ 2002ರಲ್ಲಿ ‘ಮೋಸ್ಟ್ ಹಾಂಟೆಡ್’ ಅನ್ನುವ ಕಾರ್ಯಕ್ರಮ ಶುರುವಾಯಿತು. ಅದರ ತಂಡದಲ್ಲೇ ಕಿಯಾರನ್ ಓಕೀಫ್ ಅನ್ನುವ ಪರಾಮನೋವಿಜ್ಞಾನಿ ಇದ್ದರು. ಅದೇ ತಂಡದಲ್ಲಿ ಆತ್ಮಗಳ ಜೊತೆ ಮಾತಾಡುತ್ತೇನೆ ಅನ್ನುತ್ತಿದ್ದ ಒಬ್ಬರ ಮೇಲೆ ಓಕೀಫ್‌ಗೆ ಅನುಮಾನ. ‘ಕ್ರೀಡ್ ಕೇಫರ್’ ಅಂತ ಒಬ್ಬ ಜೈಲರ್‌ನನ್ನು ತಾವೇ ಹುಟ್ಟಿಸಿ, ಆ ಹೆಸರು ಆತ್ಮದ ಜೊತೆ ಮಾತಾಡುವವರ ಕಿವಿಗೆ ಬೀಳುವಂತೆ ಮಾಡಿದರು. ಶೂಟಿಂಗ್‌ನಲ್ಲಿ ಆ ಇಲ್ಲದ ಜೈಲರ್‌ನ ಆತ್ಮ ಮೈಮೇಲೆ ಬಂದೇಬಿಟ್ಟಿತಂತೆ! ಇಂಗ್ಲಿಷಿನಲ್ಲಿ ಆ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿದರೆ ‘ಡೆರೆಕ್ ಫೇಕರ್’ ಆಗುತ್ತದೆ, ಅಂದರೆ ‘ನಾಟಕದ ಡೆರೆಕ್’. ಮೈದುಂಬಿದವರ ಹೆಸರೂ ಡೆರೆಕ್. 2005ರಲ್ಲಿ ಓಕೀಫ್ ಇದನ್ನು ಪತ್ರಿಕೆಯವರಿಗೆ ಹೇಳಿದರು. ಅದೇ ವರ್ಷ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಕೂಡ ಇದು ತನಿಖೆಯಲ್ಲ, ಮನರಂಜನೆ ಅಂತ ಹೇಳಿ ಕೈ ತೊಳೆದುಕೊಂಡಿತು.

ಎಲ್ಲರೂ ಹಾಗೆಯೇ ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 2004ರಲ್ಲಿ ಶುರುವಾದ ‘ಘೋಸ್ಟ್ ಹಂಟರ್ಸ್’ನ ಮುಖ್ಯಸ್ಥರು ಜೇಸನ್ ಹಾಸ್ ಮತ್ತು ಗ್ರಾಂಟ್ ವಿಲ್ಸನ್, ಇಬ್ಬರೂ ಹಗಲು ಪ್ಲಂಬರ್ ಕೆಲಸ ಮಾಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಇದು ದೆವ್ವವಲ್ಲ, ಪೈಪು ಅಂತ ಹೇಳಿ ಎದ್ದು ಬಂದದ್ದೂ ಇದೆ. ಆ ಮಟ್ಟಿಗೆ ನನಗೆ ಅವರ ಮೇಲೆ ಗೌರವ. ಆದರೆ ಇಡೀ ರಾತ್ರಿ ಏನೂ ಆಗದ ಮನೆಯನ್ನು ಒಂದು ಗಂಟೆಯ ಎಪಿಸೋಡ್ ಮಾಡಲು ಬರುವುದಿಲ್ಲವಲ್ಲ? ಜಾಹೀರಾತಿನ ಮುಂಚೆ ಏನಾದರೂ ‘ಧಡ್’ ಅನ್ನಲೇಬೇಕು. ನಮ್ಮ ತಂಡದಲ್ಲಿ ಒಮ್ಮೆ ಮಗುವಿನ ಅಳು ಅಂತ ಪ್ರಸಾರವಾದದ್ದು ನನ್ನ ಹೊಟ್ಟೆಯ ಸದ್ದು. ಮಧ್ಯಾಹ್ನ ಮಿರ್ಚಿ ಭಜಿ ಜಾಸ್ತಿ ತಿಂದಿದ್ದೆ. ಅಲ್ಲೇ, ಟೇಪ್ ಓಡುತ್ತಿರುವಾಗಲೇ, ‘ಅದು ನನ್ನ ಹೊಟ್ಟೆ’ ಅಂತ ಹೇಳಿದ್ದೆ ಕೂಡ. ಪ್ರಾಮಾಣಿಕವಾಗಿ ಕೆಲಸ ಮಾಡುವ ತಂಡದವರು ಹಾಗೆ ಪ್ರತಿ ಸದ್ದಿಗೂ ಬಾಯಿಬಿಟ್ಟು ಗುರುತು ಹೇಳುತ್ತಾರೆ. ಎಡಿಟಿಂಗ್‌ನಲ್ಲಿ ನನ್ನ ಮಾತು ಹೋಯಿತು, ಹೊಟ್ಟೆ ಉಳಿಯಿತು.

ಎರಡನೇ ಪ್ರಶ್ನೆ, ಮಷಿನ್ ಸುಳ್ಳು ಹೇಳುತ್ತದಾ? ಇಲ್ಲ ಅಕ್ಕೋರೆ. ಮಷಿನ್ ನಿಜವನ್ನೇ ಹೇಳುತ್ತದೆ. ಅದು ಹೇಳಿದ್ದು ಒಂದು, ಅವರು ನಿಮಗೆ ಓದಿ ಹೇಳಿದ್ದು ಇನ್ನೊಂದು. ಇಡೀ ಕಾರ್ಯಕ್ರಮ ನಡೆಯುವುದೇ ಈ ಎರಡರ ನಡುವಿನ ಸಂದಿಯಲ್ಲಿ.

ಐದು ದೀಪದ ಆ ಕರಿ ಮೀಟರಿಗೆ ಕೆ-2 ಅನ್ನುತ್ತಾರೆ. ವೈರಿನಲ್ಲಿ ಕರೆಂಟ್ ಹರಿದಾಗ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನು ಅದು ಅಳೆಯುತ್ತದೆ. ಮನೆ ವೈರಿಂಗ್ ನೋಡಲು ಮಾಡಿದ ಸಾಧನ. ಹಸಿರು ಒಂದು ದೀಪ ಅಂದರೆ ಏನೂ ಇಲ್ಲ, ಕೆಂಪಿಗೆ ಬಂದರೆ 20 ಮಿಲಿಗಾಸ್ (ಕಾಂತಕ್ಷೇತ್ರ ಅಳೆಯುವ ಮಾನ) ದಾಟಿದೆ ಅಂತ. ನೀವು ಕಳಿಸಿದ ಫೋಟೋದಲ್ಲಿ ನಡುಗಂಬದ ಮೇಲೆ ಹಳೇ ವೈರಿಂಗ್ ಕಾಣುತ್ತದೆ. ಒಂದು ವೈರು ಕಂಬದ ಈ ಬದಿ, ಇನ್ನೊಂದು ಆ ಬದಿ. ಎರಡೂ ಅಂಟಿಕೊಂಡು ಹೋದರೆ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಬಹುಪಾಲು ಕೊಲ್ಲುತ್ತದೆ. ದೂರ ದೂರ ಹೋದರೆ ಹಾಗಾಗುವುದಿಲ್ಲ. ಆ ರಾತ್ರಿ ತಂಡದವರು ತಮ್ಮ ಲೈಟಿಗೆ, ಟಿವಿ ಪರದೆಗಳಿಗೆ ಕರೆಂಟ್ ತೆಗೆದುಕೊಂಡದ್ದು ನಿಮ್ಮ ಬೋರ್ಡಿನಿಂದಲೇ. ಅಂದರೆ ಆ ಹಳೇ ವೈರಿನಲ್ಲಿ ಎಂದೂ ಇಲ್ಲದಷ್ಟು ಕರೆಂಟ್ ಓಡುತ್ತಿತ್ತು. ಕಂಬದ ಹತ್ತಿರ ಮೀಟರು ಕುಣಿಯದೆ ಇನ್ನೇನು ಮಾಡೀತು?

ಇನ್ನೊಂದು ಕಾರಣವೂ ಇದೆ. ಈ ಮೀಟರು ಮೊಬೈಲಿಗೆ, ವಾಕಿಟಾಕಿಗೆ ಬೇಗ ಸಿಕ್ಕಿಬೀಳುತ್ತದೆ. ನಿಮ್ಮ ಹಿಂಭಾಗದ ಕೋಣೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ ಅಂತ ನೀವೇ ಬರೆದಿದ್ದೀರಿ. ಟವರ್ ದೂರವಿದ್ದಷ್ಟೂ ಫೋನು ಜೋರಾಗಿ ಸಿಗ್ನಲ್ ಬಿಡುತ್ತದೆ. ಮೂರಡಿ ಗೋಡೆಯ ವಾಡೆಯಲ್ಲಿ, ಜೇಬಿನಲ್ಲಿ ಫೋನಿಟ್ಟುಕೊಂಡ ಆರು ಜನ ಸುತ್ತ ನಿಂತು, ‘ಇಲ್ಲಿದ್ದೀಯಾ? ಇದ್ದರೆ ದೀಪ ಹಚ್ಚು’ ಅಂದರೆ, ಯಾರದಾದರೂ ಒಂದು ಫೋನು ಹಚ್ಚಿಯೇ ಹಚ್ಚುತ್ತದೆ. ನನ್ನ ಹತ್ತಿರ ಒಂದು ಕೆ-2 ಈಗಲೂ ಇದೆ. ಮೊನ್ನೆ ಅಡುಗೆಮನೆಯಲ್ಲಿ ಅದರ ಪಕ್ಕ ಫೋನಿಟ್ಟು, ಹೆಂಡತಿಯ ಫೋನಿನಿಂದ ಕರೆ ಮಾಡಿಸಿದೆ. ರಿಂಗ್ ಆಗುವ ಮುಂಚೆಯೇ ದೀಪ ಕೆಂಪಿಗೆ ಹೋಗಿ ಬಂತು.

ಟಾರ್ಚ್ ತಾನಾಗಿಯೇ ಹತ್ತಿ ಆರಿದ್ದು ಇನ್ನೂ ಸುಲಭ. ತಲೆ ತಿರುಗಿಸಿ ಹಚ್ಚುವ ಟಾರ್ಚನ್ನು ಹತ್ತಿಯೂ ಹತ್ತದ ಹಾಗೆ, ಆ ಅಂಚಿನಲ್ಲಿ ಸಡಿಲ ಬಿಟ್ಟಿರುತ್ತಾರೆ. ಹತ್ತಿದಾಗ ಒಳಗೆ ಬಿಸಿಯಾಗಿ ಹಿಗ್ಗುತ್ತದೆ, ಕನೆಕ್ಷನ್ ತಪ್ಪುತ್ತದೆ. ತಣ್ಣಗಾದಾಗ ಮತ್ತೆ ಸೇರುತ್ತದೆ. ನಡುನಡುವೆ ಪ್ರಶ್ನೆ ಕೇಳುತ್ತಾ ಹೋದರೆ ಕೆಲವು ಉತ್ತರ ತಾಳೆಯಾಗುತ್ತವೆ. ತಾಳೆಯಾಗದವನ್ನು ಕತ್ತರಿಸುತ್ತಾರೆ.

ಗಾಳಿಯಲ್ಲಿ ತೇಲಿದ ಬಿಳಿ ಉಂಡೆಗಳು ಧೂಳು. ನಿಮ್ಮದು ಮಣ್ಣಿನ ಮಾಳಿಗೆ, ಜಂತಿ ಸಂದಿಯಿಂದ ಸದಾ ಮಣ್ಣು ಉದುರುತ್ತದೆ. ಕತ್ತಲಿನ ಕ್ಯಾಮೆರಾಕ್ಕೆ ಲೆನ್ಸಿನ ಪಕ್ಕದಲ್ಲೇ ಕಣ್ಣಿಗೆ ಕಾಣದ ದೀಪ ಇರುತ್ತದೆ. ಮುಂದೆ ಹಾದ ಒಂದು ಕಣವೂ ಅದರ ಬೆಳಕಿಗೆ ಹೊಳೆದು ನಿಂಬೆಹಣ್ಣಿನಷ್ಟು ಕಾಣುತ್ತದೆ. ಬಂದೂಕಿನ ಹಾಗೆ ಹಿಡಿಯುವ ಥರ್ಮಾಮೀಟರು ಕೋಣೆಯ ಗಾಳಿಯನ್ನು ಅಳೆಯುವುದಿಲ್ಲ, ಗುರಿ ಹಿಡಿದ ಗೋಡೆಯನ್ನು ಅಳೆಯುತ್ತದೆ. ಕಲ್ಲುಗೋಡೆ ಒಂದು ಕಡೆ ಬಿಸಿ, ಒಂದು ಕಡೆ ತಂಪು ಇರುವುದು ವಾಡೆಯಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಬೇಸಿಗೆಯಲ್ಲಿ ಎಲ್ಲಿ ಚಾಪೆ ಹಾಸಬೇಕು ಅಂತ ಅದನ್ನು ನೋಡಿಯೇ ಅಲ್ವಾ ಆರಿಸುವುದು?

ವಾಡೆಯಲ್ಲಿ ರಾತ್ರಿ ಯಾರೋ ಪಿಸುಗುಟ್ಟುತ್ತಾರೆ ಅಂತ ಬಾಡಿಗೆಯವರು ಹೇಳಿದ್ದರ ಬಗ್ಗೆ. ವಿಜಯಪುರದವರಿಗೆ ಇದನ್ನು ನಾನು ಹೇಳಿಕೊಡಬೇಕಾ! ಗೋಳಗುಮ್ಮಟದ ಮೇಲಿನ ಸುತ್ತುದಾರಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ, ನೂರಿಪ್ಪತ್ತು ಅಡಿಗೂ ಆಚೆ ಎದುರು ಬದಿಯವರಿಗೆ ಪಕ್ಕದಲ್ಲೇ ಮಾತಾಡಿದಂತೆ ಕೇಳಿಸುತ್ತದೆ. ಬಾಗಿದ ಗೋಡೆ ಸದ್ದನ್ನು ಜಾರಿಸಿಕೊಂಡು ಒಯ್ಯುತ್ತದೆ. ನಿಮ್ಮ ವಾಡೆಗೆ ಗುಮ್ಮಟವಿಲ್ಲ, ಆದರೆ ಮಾಳಿಗೆಯಲ್ಲಿ ಬೆಳಕಿಂಡಿ ಇದೆ. ಓಣಿಯ ಮಾತು ಅದರಿಂದ ಇಳಿದು ಕೋಣೆಯ ನಡುವೆ ಬೀಳುತ್ತದೆ. ಮೇಲಾಗಿ ರಾತ್ರಿ ನೆಲದ ಹತ್ತಿರದ ಗಾಳಿ ತಂಪಾಗಿ, ಮೇಲಿನದು ಬೆಚ್ಚಗಿದ್ದರೆ ದೂರದ ಸದ್ದು ಮೇಲೆ ಹಾರಿಹೋಗದೆ ಬಾಗಿ ಕೆಳಗೆ ಬರುತ್ತದೆ. ಹಗಲು ಕೇಳದ ಹೊಲದ ಪಂಪ್‌ಸೆಟ್ ರಾತ್ರಿ ಹಿತ್ತಲಲ್ಲೇ ಇದ್ದಂತೆ ಕೇಳುವುದು ಅದಕ್ಕೇ. ಅಂದಹಾಗೆ ದೀಪ ಇದ್ದಕ್ಕಿದ್ದಂತೆ ಮಂಕಾದದ್ದು ಎಷ್ಟು ಗಂಟೆಗೆ ಅಂತ ನೋಡಿ. ನಿಮ್ಮ ಕಡೆ ಹೊಲಗಳಿಗೆ ತ್ರೀ ಫೇಸ್ ಕೊಡುವ ಹೊತ್ತಿಗೆ ಸರಿಹೊಂದಿದರೆ ಆಶ್ಚರ್ಯ ಬೇಡ. ಊರ ತುಂಬಾ ಮೋಟರು ಒಟ್ಟಿಗೆ ಶುರುವಾದರೆ ಬಲ್ಬು ಕಣ್ಣು ಮುಚ್ಚುತ್ತದೆ.

ಎಪಿಸೋಡಿನಲ್ಲಿ ನಡುವೆ ಬರುವ ಕರಿಕಲ್ಲಿನ ಗೋರಿಗಳ ಸಾಲು ಗಮನಿಸಿದಿರಾ? ಅದು ನಿಮ್ಮೂರಲ್ಲ, ವಿಜಯಪುರದ ಹೊರಗಿನ ಸಾಠ್ ಕಬರ್. 1659ರಲ್ಲಿ ಅಫಜಲ್ ಖಾನ್ ಶಿವಾಜಿಯ ಮೇಲೆ ಹೊರಡುವ ಮುಂಚೆ, ತಾನು ವಾಪಸ್ ಬರುವುದಿಲ್ಲ ಅಂತ ಜ್ಯೋತಿಷಿಯ ಮಾತು ಕೇಳಿ ತನ್ನ ಅರವತ್ತಕ್ಕೂ ಹೆಚ್ಚು ಹೆಂಡಿರನ್ನು ಕೊಂದ ಅನ್ನುವುದು ಅಲ್ಲಿನ ದಂತಕಥೆ. ಆ ವರ್ಷ ನವೆಂಬರಿನಲ್ಲಿ ಪ್ರತಾಪಗಡದಲ್ಲಿ ಅವನು ಸತ್ತದ್ದು ಇತಿಹಾಸ. ಹೆಂಡಿರ ಕಥೆ ಜನರ ಬಾಯಲ್ಲಿ ಬಂದದ್ದು. ಒಂದು ದಂತಕಥೆಯ ಗೋರಿ, ಅದರ ಬೆನ್ನಿಗೇ ನಿಮ್ಮ ವಾಡೆಯ ಬಾಗಿಲು, ಕೆಳಗೆ ನಾವು ಹಾಕುವ ‘ಗುಂಯ್’ ಅನ್ನುವ ಸಂಗೀತ. ನೋಡಿದವರಿಗೆ ಎರಡೂ ಒಂದೇ ಜಾಗ ಅನ್ನಿಸಿಬಿಡುತ್ತದೆ. ಬಾಡಿಗೆಯವರು ಹೆದರಿದ್ದು ಈ ಜೋಡಣೆಗೆ.

ಹೆದರಿಕೆ ಹೇಗೆ ಅಂಟುತ್ತದೆ ಅನ್ನುವುದಕ್ಕೆ ಒಂದು ಪ್ರಯೋಗ ಹೇಳುತ್ತೇನೆ. ಕ್ರಿಸ್ ಫ್ರೆಂಚ್ ಅನ್ನುವ ಮನಶ್ಶಾಸ್ತ್ರಜ್ಞರ ತಂಡ ಲಂಡನ್ನಿನಲ್ಲಿ ಒಂದು ಖಾಲಿ ಕೋಣೆ ಮಾಡಿ, 79 ಜನರನ್ನು ಒಬ್ಬೊಬ್ಬರಾಗಿ ಬಿಟ್ಟಿತು. ಕೆಲವರಿಗೆ ಕಾಂತಕ್ಷೇತ್ರ, ಕೆಲವರಿಗೆ ಕಿವಿಗೆ ಕೇಳದಷ್ಟು ತಗ್ಗಿನ ಸದ್ದು, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲ. ಇಲ್ಲಿ ಏನಾದರೂ ವಿಚಿತ್ರ ಅನ್ನಿಸಬಹುದು ಅಂತ ಎಲ್ಲರಿಗೂ ಮುಂಚೆಯೇ ಹೇಳಿದ್ದರು. ಜಾಸ್ತಿ ಜನರಿಗೆ ಏನಾದರೊಂದು ಅನ್ನಿಸಿತು, ಕೆಲವರಿಗೆ ಯಾರೋ ಪಕ್ಕದಲ್ಲಿದ್ದಾರೆ ಅಂತಲೂ. ಆದರೆ ಸದ್ದಿಗೂ ಕಾಂತಕ್ಕೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ‘ಅನ್ನಿಸಬಹುದು’ ಅಂತ ಮುಂಚೆ ಹೇಳಿದ್ದೇ ಕೆಲಸ ಮಾಡಿರಬೇಕು ಅಂತ 2009ರ ಅವರ ವರದಿ ಹೇಳುತ್ತದೆ.

ಮಗನ ವಿಷಯ ಇದಕ್ಕೆ ಹತ್ತಿರದ್ದೇ. ಕನಸು ಬೀಳುವ ನಿದ್ದೆಯಲ್ಲಿ ನಮ್ಮ ಕೈಕಾಲು ಆಡದಂತೆ ಮಿದುಳೇ ಕಟ್ಟಿಹಾಕಿರುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡಿದಾಗ ಮಂಚದಿಂದ ಬೀಳುತ್ತಿದ್ದೆವು. ಕೆಲವೊಮ್ಮೆ ಎಚ್ಚರ ಮೊದಲು ಬಂದು ಕಟ್ಟು ಆಮೇಲೆ ಬಿಚ್ಚುತ್ತದೆ. ಕಣ್ಣು ತೆರೆದಿದೆ, ಮೈ ಅಲುಗುವುದಿಲ್ಲ, ಎದೆ ಮೇಲೆ ಭಾರ, ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತದೆ. ಒಂದೆರಡು ನಿಮಿಷ, ಅಷ್ಟೇ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ, ಚಿಂತೆಯಲ್ಲಿರುವವರಿಗೆ ಜಾಸ್ತಿ. ಎಸ್ಸೆಸ್ಸೆಲ್ಸಿ ಹುಡುಗ ಅಂದರೆ ಮೂರೂ ಇರುತ್ತವೆ! ಅವನು ಆ ವಾಡೆಯಲ್ಲೂ ಮಲಗಿಲ್ಲ, ಹೊಸ ಮನೆಯಲ್ಲಿ ಮಲಗುತ್ತಿದ್ದಾನೆ ಅನ್ನುವುದನ್ನು ಮರೆಯಬೇಡಿ. ಹೊತ್ತಿಗೆ ಸರಿಯಾಗಿ, ಮಗ್ಗುಲಾಗಿ ಮಲಗಲಿ. ಹಾಗಾದಾಗ ಒಂದು ಬೆರಳನ್ನು ಮಾತ್ರ ಅಲುಗಿಸಲು ನೋಡಲಿ. ಮತ್ತೆ ಮತ್ತೆ ಬಂದರೆ, ಅಥವಾ ಹಗಲಲ್ಲೂ ತೂಕಡಿಸುತ್ತಿದ್ದರೆ ಡಾಕ್ಟರಿಗೆ ತೋರಿಸಿ. ದಯವಿಟ್ಟು ಅವನನ್ನು ದೆವ್ವ ಬಿಡಿಸುವವರ ಹತ್ತಿರ ಮಾತ್ರ ಒಯ್ಯಬೇಡಿ. ಹೊಡೆದು ಬಡಿದು ದೆವ್ವ ಬಿಡಿಸುವುದು ನಮ್ಮ ರಾಜ್ಯದಲ್ಲಿ ಈಗ ಅಪರಾಧ. ಮೌಢ್ಯ ತಡೆಯುವ ಆ ಕಾಯ್ದೆ 2017ರದ್ದು, 2020ರ ಜನವರಿಯಿಂದ ಜಾರಿಯಲ್ಲಿದೆ.

ಅರವತ್ತು ಸಾವಿರದ ಶಾಂತಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಬೇಡ. ನಿಮ್ಮ ಮನಸ್ಸಿಗೆ ಬೇಕೆನಿಸಿದರೆ ನಿಮ್ಮ ಮನೆಯ ಪದ್ಧತಿಯಂತೆ ಸ್ವಾಮಿಗಳನ್ನು ಕರೆಸಿ, ಅತ್ತೆಯ ಹೆಸರಲ್ಲಿ ನಾಲ್ಕು ಜನಕ್ಕೆ ಊಟ ಹಾಕಿ. ಅದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ, ನಾನೂ ಅಡ್ಡ ಬರುವುದಿಲ್ಲ. ಆದರೆ ಭಯಕ್ಕೆ ಒಮ್ಮೆ ದುಡ್ಡು ಕೊಟ್ಟರೆ, ಆರು ತಿಂಗಳಿಗೆ ‘ಇನ್ನೂ ಸ್ವಲ್ಪ ಉಳಿದಿದೆ’ ಅಂತ ಮತ್ತೆ ಬರುತ್ತಾರೆ.

ಅರ್ಧ ಬೆಲೆಗೆ ಕೇಳುವವರ ಬಗ್ಗೆ ಮಾತ್ರ ಹುಷಾರಾಗಿರಿ. ನಮ್ಮ ಶೂಟಿಂಗ್ ಮುಗಿದ ಎರಡು ಮೂರು ಕಡೆ ಇದನ್ನೇ ಕಂಡಿದ್ದೇನೆ. ಹಳೇ ವಾಡೆಗೆ ದೆವ್ವದ ಹೆಸರು ಬಂದ ಕೂಡಲೇ ನಿಧಿಯವರು ಮೂಸುತ್ತಾ ಬರುತ್ತಾರೆ. ದೆವ್ವ ಕಾಯುತ್ತಿದೆ ಅಂದರೆ ಒಳಗೆ ಬಂಗಾರ ಇರಲೇಬೇಕು ಅನ್ನುವ ಲೆಕ್ಕ. ಒಂದು ಕಡೆ ದೇವರ ಕೋಣೆಯ ನೆಲ ಅಗೆದು, ನಿಂಬೆಹಣ್ಣು ಚೆಲ್ಲಿ ಹೋಗಿದ್ದರು. ನಿಮ್ಮ ಗಿರಾಕಿ ಅಂಥವರೇ ಅಂತ ನಾನು ಹೇಳಲಾರೆ. ಆದರೆ ಒಂದು ವರ್ಷ ಮಾರುವ ಮಾತೇ ಬೇಡ. ಹಿಂಬಾಗಿಲಿಗೆ ಒಳ್ಳೆ ಬೀಗ ಹಾಕಿಸಿ, ಮುಂದಿನ ಓಣಿಯವರಿಗೆ ಕಣ್ಣಿಡಲು ಹೇಳಿ.

ಚಾನೆಲ್ ಮೇಲೆ ದೂರು ಕೊಡಬಹುದಾ? ಕೊಡಬಹುದು. ಕೇಬಲ್ ಟಿವಿ ನಿಯಮಗಳು 1994ರ ಆರನೇ ನಿಯಮದಲ್ಲಿ, ಮೂಢನಂಬಿಕೆಗೆ ಕುಮ್ಮಕ್ಕು ಕೊಡುವ ಕಾರ್ಯಕ್ರಮ ಹಾಕಬಾರದು ಅಂತಲೇ ಇದೆ. 2021ರ ತಿದ್ದುಪಡಿ ಪ್ರಕಾರ ದೂರು ಮೊದಲು ಚಾನೆಲ್ಲಿಗೇ ಹೋಗಬೇಕು. ಅವರು 24 ಗಂಟೆಯಲ್ಲಿ ಸ್ವೀಕೃತಿ ಕೊಟ್ಟು, 15 ದಿನದಲ್ಲಿ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಚಾನೆಲ್‌ಗಳ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಯೂಟ್ಯೂಬಿನಲ್ಲಿರುವ ತುಣುಕಿನಲ್ಲಿ ನಿಮ್ಮ ಮನೆ ಗುರುತು, ಮುಖ, ಹೆಸರು ಕಾಣುತ್ತಿದ್ದರೆ ಅಲ್ಲೇ ಖಾಸಗಿತನದ ದೂರು ಸಲ್ಲಿಸುವ ದಾರಿಯಿದೆ. ಆದರೆ ಎರಡು ತೊಡಕು. ಮೈದುನ ಸಹಿ ಹಾಕಿದ ಕಾಗದದಲ್ಲಿ ‘ಹೇಗೆ ಬೇಕಾದರೂ ಬಳಸಬಹುದು’ ಅಂತ ಬರೆದಿರುವುದು ಹೆಚ್ಚುಕಮ್ಮಿ ಖಾತ್ರಿ. ಅದರ ಪ್ರತಿ ಕೇಳಿ ತರಿಸಿಕೊಳ್ಳಿ, ಒಬ್ಬ ವಕೀಲರಿಗೆ ತೋರಿಸಿ. ಹಳೇ ವಾಡೆಗಳ ಕಾರ್ಯಕ್ರಮ ಅಂತ ಹೇಳಿ ಸಹಿ ಹಾಕಿಸಿದ್ದಕ್ಕೆ ಮೆಸೇಜ್, ಕರೆ ದಾಖಲೆ ಏನಿದ್ದರೂ ಅಳಿಸಬೇಡಿ. ಎರಡನೆಯದು, ದೂರಿನ ಸುದ್ದಿ ಹಬ್ಬಿದರೆ ಮರೆತುಹೋಗುತ್ತಿರುವ ವಿಡಿಯೋವನ್ನು ಜನ ಮತ್ತೆ ಹುಡುಕಿ ನೋಡುತ್ತಾರೆ. ನಾನಾಗಿದ್ದರೆ ಅತ್ತೆಯ ದನಿ ಅಂದ ಆ ಭಾಗ ಒಂದನ್ನು ತೆಗೆಯಿರಿ ಅಂತ, ಸದ್ದಿಲ್ಲದೆ, ಬರವಣಿಗೆಯಲ್ಲಿ ಕೇಳುತ್ತಿದ್ದೆ.

ಬಾಡಿಗೆಯವರ ವಿಷಯಕ್ಕೆ ಮೊದಲ ಕೆಲಸ ವೈರಿಂಗ್. ನೂರು ವರ್ಷದ ಮರದ ಕಂಬದ ಮೇಲೆ ಆ ವೈರು ಇರುವುದು ದೆವ್ವಕ್ಕಿಂತ ಅಪಾಯ. ಪೂರ್ತಿ ಹೊಸದು ಎಳೆಸಿ, ಅರ್ಥಿಂಗ್ ಮಾಡಿಸಿ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಕಡಿಯುವ ಸ್ವಿಚ್) ಹಾಕಿಸಿ. ಆಮೇಲೆ ಹಿಂಭಾಗವನ್ನು ಖಾಲಿ ಬಿಡಬೇಡಿ. ವಾರಕ್ಕೆ ಎರಡು ದಿನ ಅಲ್ಲೇ ನಿಮ್ಮ ಶಾಲೆ ಮಕ್ಕಳಿಗೆ ಸಂಜೆ ಪಾಠ ಹೇಳಿ. ಮಕ್ಕಳ ಗದ್ದಲ ಕೇಳಿದ ಮನೆಗೆ ಬಾಡಿಗೆಯವರು ತಾನಾಗಿ ಬರುತ್ತಾರೆ.

ನಿಮ್ಮತ್ತೆಯ ದನಿ ಕೇಳಬೇಕು ಅನ್ನಿಸಿದರೆ ಮನೆಯ ಫೋನುಗಳಲ್ಲಿ ಹುಡುಕಿ. ವಾಟ್ಸಾಪಿನ ವಾಯ್ಸ್ ಮೆಸೇಜು, ಯಾವುದೋ ಮದುವೆಯ ವಿಡಿಯೋ, ಮೊಮ್ಮಗನನ್ನು ಬಯ್ದದ್ದು, ಏನಾದರೂ ಇದ್ದೇ ಇರುತ್ತದೆ. ಸಿಕ್ಕರೆ ನನಗೆ ಕಳಿಸಿ, ಗಾಳಿಸದ್ದು ತೆಗೆದು ಸ್ವಚ್ಛ ಮಾಡಿಕೊಡುತ್ತೇನೆ. ಅದಕ್ಕೆ ದುಡ್ಡು ಬೇಡ.

ಕೊನೆಗೆ ಉಳಿದದ್ದು ಹಗೇವು. ಇಡೀ ಎಪಿಸೋಡಿನಲ್ಲಿ ನನಗೆ ನಿಜಕ್ಕೂ ಎದೆ ಝಲ್ಲೆಂದದ್ದು ಅಲ್ಲಿ. ಆ್ಯಂಕರ್ ಹುಡುಗ ಹಾಸುಗಲ್ಲು ಸರಿಸಿ, ತಲೆ ಒಳಗೆ ಹಾಕಿ, ಹತ್ತು ಸೆಕೆಂಡಿನಲ್ಲಿ ಕಣ್ಣು ಮೇಲೆ ಮಾಡಿದ. ಯಾವುದೋ ಶಕ್ತಿ ಎಳೆಯಿತು ಅಂತ ತೋರಿಸಿದರು. ಅವನು ನಾಟಕ ಮಾಡಿರಲಿಕ್ಕಿಲ್ಲ. ತಳದಲ್ಲಿ ಹಳೇ ಜೋಳ, ಹೊಟ್ಟು ಇದ್ದರೆ ಅದು ಉಸಿರಾಡುತ್ತದೆ, ಕೊಳೆಯುತ್ತದೆ. ಇದ್ದ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ ಅನಿಲ ಅದು, ಬಾಯಿ ತೆರೆದರೂ ತಳ ಬಿಟ್ಟು ಏಳುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಹಿಂದಿನವರು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ಕಂದೀಲು ಆರಿದರೆ ಇಳಿಯಬಾರದು ಅನ್ನುವುದು ಸರಿ. ಆದರೆ ಉರಿಯುತ್ತಿದ್ದರೂ ಇಳಿಯಬೇಡಿ, ಕಂದೀಲು ತಡೆದುಕೊಳ್ಳುವ ಗಾಳಿಯಲ್ಲೂ ಮನುಷ್ಯ ಬೀಳಬಹುದು.

ವಿಡಿಯೋದ ಕೊನೆಯ ಶಾಟಿನಲ್ಲಿ ಆ ಹಾಸುಗಲ್ಲು ಪಕ್ಕಕ್ಕೇ ಬಿದ್ದಿದೆ. ಯಾರೂ ವಾಪಸ್ ಮುಚ್ಚಿಲ್ಲ. ಎಪಿಸೋಡ್ ನೋಡಿದ ಊರ ಹುಡುಗರು ಟಾರ್ಚ್ ಹಿಡಿದು, ಫೋನ್ ಹಿಡಿದು ಅಲ್ಲಿಗೆ ಹೋಗುತ್ತಾರೆ, ಹೋಗಿರಲೂಬಹುದು. ಈ ಉತ್ತರ ಓದಿದ ಕೂಡಲೇ ಮೈದುನನಿಗೆ ಫೋನ್ ಮಾಡಿ, ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೊಂಡು ಹೋಗಿ ಕಲ್ಲು ಮುಚ್ಚಿಸಿ, ಸುತ್ತ ಸಿಮೆಂಟ್ ಹಾಕಿಸಲು ಹೇಳಿ. ಬಾಯಿಗೆ ಯಾರೂ ಬಗ್ಗುವುದು ಬೇಡ. ಎಲೆಕ್ಟ್ರಿಷಿಯನ್ ಬರುವ ದಿನ ನನಗೊಂದು ಮೆಸೇಜ್ ಹಾಕಿ. ವಿಜಯಪುರದಿಂದ ನಿಮ್ಮೂರು ದೂರವೇನಲ್ಲ, ನನ್ನ ಕೆ-2 ತಗೊಂಡು ನಾನೂ ಬರುತ್ತೇನೆ. ಮಗನೂ ಇರಲಿ, ಮೀಟರು ಅವನ ಕೈಗೇ ಕೊಡೋಣ.